ಚಳಿಯಿಲ್ಲದ ಊರಿನ ಸ್ವೆಟರ್ ಮಾಮಿ

ಚೆನ್ನೈನ ಪಶ್ಚಿಮ ಮಾಂಬಲದಲ್ಲೋ ತಿರುವಲ್ಲಿಕ್ಕೇಣಿಯಲ್ಲೋ ಕನ್ನಡ ಮಾತಾಡುವ ನಾಲ್ಕು ಮನೆಗಳಿದ್ದರೆ, ಅವುಗಳಲ್ಲಿ ಒಬ್ಬ ಸ್ವೆಟರ್ ಮಾಮಿ ಇದ್ದೇ ಇರುತ್ತಾರೆ. ಮೇ ತಿಂಗಳ ಕತ್ತರಿ ಬಿಸಿಲು, ಐದರಲ್ಲಿ ತಿರುಗುವ ಫ್ಯಾನು, ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ 8ನೇ ನಂಬರಿನ ಕಡ್ಡಿ. ಅಂಗೈ ಬೆವರಿಗೆ ಎಳೆ ಅಂಟಿಕೊಳ್ಳದಿರಲೆಂದು ಪಕ್ಕದಲ್ಲೊಂದು ಪೌಡರ್ ಡಬ್ಬ. 2003ರ ಮೇ 31ರಂದು ಈ ಊರಿನಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜನವರಿಯ ರಾತ್ರಿಯಲ್ಲೂ ಪಾದರಸ ಸಾಮಾನ್ಯವಾಗಿ 20ರ ಆಸುಪಾಸಿನಿಂದ ಕೆಳಗಿಳಿಯಲು ಒಪ್ಪುವುದಿಲ್ಲ. ಇಂಥಲ್ಲಿ ಸ್ವೆಟರ್ ಹೆಣೆಯುವವರನ್ನು ಕಂಡು ನಗುವುದು ಸುಲಭ. ನನ್ನ ವಾದ ಬೇರೆ: ಮೈಗೆ ಸರಿಯಾಗಿ ಕೂರುವ ಸ್ವೆಟರ್ ಹುಟ್ಟಬೇಕಾದರೆ ಚಳಿಯಿಲ್ಲದ ಊರಿನಲ್ಲೇ ಹುಟ್ಟಬೇಕು. ಶಿಮ್ಲಾದಲ್ಲಿ ಹಲ್ಲು ಕಟಕಟ ಎನ್ನುವವನು ತೋಳು ಉದ್ದವಾಯಿತೆಂದು ತಕರಾರು ತೆಗೆಯುವುದಿಲ್ಲ. ಕೈಗವಸಿನ ಖರ್ಚು ಉಳಿಯಿತೆಂದು ಖುಷಿಪಡುತ್ತಾನೆ. ಹೆಣೆದವರ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವ ಮಹಾ ಉಪಕಾರಿ ಈ ಚಳಿ. ಚೆನ್ನೈನಲ್ಲಿ ಆ ಉಪಕಾರ ಇಲ್ಲ. ತೊಟ್ಟವನು ಕನ್ನಡಿಯೆದುರು ಮೂರು ನಿಮಿಷ ನಿಂತು, ಬೆವರಿ, ಬಿಚ್ಚಿಡುತ್ತಾನೆ. ಆ ಮೂರು ನಿಮಿಷದಲ್ಲಿ ಅವನ ಕಣ್ಣಿಗೆ ಬೀಳುವುದು ಅಳತೆಯೊಂದೇ.

ಆದ್ದರಿಂದಲೇ ಮಾಮಿಯದು ಆಡಿಟರನ ಲೆಕ್ಕ. ಮೊದಲು ನಾಲ್ಕಂಗುಲದ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ಸ್ಕೇಲಿಟ್ಟು ಕುಣಿಕೆ ಎಣಿಸುತ್ತಾರೆ. 22 ಬಂದರೆ ಅಂಗುಲಕ್ಕೆ ಐದೂವರೆ. ಎದೆಯ ಸುತ್ತಳತೆ 40 ಅಂಗುಲ, ಉಸಿರಾಡಲು ಇನ್ನೆರಡು, ಒಟ್ಟು 42. ಅಂದರೆ ಸುತ್ತಲೂ 231 ಕುಣಿಕೆ. ಚೌಕದ ಗೊಡವೆಯೇ ಬೇಡವೆಂದು, ಅಂಗುಲಕ್ಕೆ ಐದೇ ಬೀಳುವ ಸಡಿಲ ಕೈಯಲ್ಲಿ ಅದೇ 231 ಹಾಕಿದರೆ ಸುತ್ತಳತೆ 46 ದಾಟುತ್ತದೆ. ಅಳಿಯನಿಗೆಂದು ಶುರುವಾದದ್ದು ಬೀಗರಿಗೆ ಸರಿಹೋಗುತ್ತದೆ. ಅರ್ಧ ಕುಣಿಕೆಯ ಅಸಡ್ಡೆಗೆ ನಾಲ್ಕಂಗುಲ ದಂಡ! ಕಂಕುಳ ಹತ್ತಿರ ತಪ್ಪಿದ ಒಂದು ಕುಣಿಕೆ ಕುತ್ತಿಗೆಗೆ ಬಂದಾಗ ಕಣ್ಣಿಗೆ ಬಿದ್ದರೂ ಮಾಮಿ ಅಷ್ಟನ್ನೂ ಬಿಚ್ಚುತ್ತಾರೆ. “ಬಿಡಿ ಅತ್ತೆ, ಯಾರಿಗೆ ಕಾಣತ್ತೆ?” ಎನ್ನುವ ಸೊಸೆಗೆ ಅವರ ಉತ್ತರ ಸಿದ್ಧವಿರುತ್ತದೆ: “ಹೇಗಿದ್ರೂ ಯಾರೂ ಹಾಕ್ಕೊಳ್ಳಲ್ಲ, ನೋಡೋಕಾದ್ರೂ ಚೆನ್ನಾಗಿರಲಿ ಬಿಡಮ್ಮ.”

ಲೂಧಿಯಾನದ ಯಂತ್ರದ ಸ್ವೆಟರ್ ಅಗ್ಗಕ್ಕೆ ಸಿಗುವಾಗ ಈ ಪಾಡೇಕೆ ಎನ್ನುವವರಿದ್ದಾರೆ. ಯಂತ್ರಕ್ಕೆ ಗೊತ್ತಿರುವುದು ಸ್ಮಾಲು, ಮೀಡಿಯಮ್ಮು, ಲಾರ್ಜು. ಎದೆ ಮೀಡಿಯಮ್ಮಾಗಿ ಹೊಟ್ಟೆ ಎಕ್ಸ್‌ಎಲ್ ಆಗಿರುವ, ಐವತ್ತು ದಾಟಿದ ಗೃಹಸ್ಥನ ಆಕಾರ ಯಾವ ಕಾರ್ಖಾನೆಯ ಪಟ್ಟಿಯಲ್ಲೂ ಇಲ್ಲ. ಮಾಮಿಯಾದರೋ ಹೊಟ್ಟೆ ದಾಟಿ ಎದೆಗೆ ಬರುವಾಗ ಅಲ್ಲಲ್ಲಿ ಎರಡೆರಡು ಕುಣಿಕೆಗಳನ್ನು ಒಂದಾಗಿ ಹೆಣೆದು, ಆ ಇಳಿಜಾರಿಗೂ ಒಂದು ಮರ್ಯಾದೆ ತರುತ್ತಾರೆ. ಸರಿ, ತೊಡುವುದೆಲ್ಲಿ? ಬೆಂಗಳೂರಿಗೆ ಹೋಗುವ ಬೆಳಗಿನ ಶತಾಬ್ದಿಯ ಏಸಿ ಡಬ್ಬಿಯಿದೆ, ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಚೇರಿಗಳಿವೆ, ಮಾರ್ಗಳಿಯ ಸಂಗೀತ ಸಭೆಗಳಿವೆ. ಚೆನ್ನೈನ ಚಳಿಗಾಲ ಇರುವುದು ಕಟ್ಟಡಗಳ ಒಳಗೆ ಎಂದು ಮಾಮಿಯ ಪರ ವಕಾಲತ್ತು ವಹಿಸಬಹುದು. ಈ ಸಾಕ್ಷ್ಯವನ್ನು ನಾನು ಹೆಚ್ಚು ಎಳೆಯಲಾರೆ, ಅಷ್ಟು ಚಳಿಗೆ ಒಂದು ಶಾಲು ಸಾಕು. ಆದರೂ ಒಂದು ಮಾತು: ಮ್ಯೂಸಿಕ್ ಅಕಾಡೆಮಿಯಲ್ಲಿ ಹಿಂದಿನ ಸಾಲಿನವರು ಕಛೇರಿ ಮುಗಿಯುವವರೆಗೂ ನೋಡುತ್ತ ಕೂರುವುದು ನಿಮ್ಮ ಹೆಗಲ ಹೊಲಿಗೆಯನ್ನೇ. ಅಲ್ಲಿಯೂ ಪರೀಕ್ಷೆ ಬಿಸುಪಿನದಲ್ಲ, ಅಳತೆಯದೇ.

ನ್ಯೂಜೆರ್ಸಿಯಲ್ಲಿ ನಿಜವಾಗಿ ನಡುಗುವ ಮೊಮ್ಮಗ ಇದ್ದಾನಲ್ಲ, ಮಾಮಿ ಹೆಣೆಯುವುದು ಅವನಿಗಾಗಿ ಅಲ್ಲವೇ ಎಂದರೆ, ಅದೇ ನನ್ನ ವಾದಕ್ಕೆ ಗಟ್ಟಿ ಪುರಾವೆ. ಮಾಮಿಯ ಕೈಯಿಂದ ಬಂದವುಗಳಲ್ಲಿ ತೀರ ಕಳಪೆ ಎಂದರೆ ಅವನದೇ. ಅಳತೆ ತೆಗೆದದ್ದು ವಿಡಿಯೊ ಕಾಲಿನಲ್ಲಿ, ಹುಡುಗ ಬೆಳೆಯುವವನು, ಸಾಲದ್ದಕ್ಕೆ “ದೊಡ್ಡದಾದ್ರೂ ಪರವಾಗಿಲ್ಲಮ್ಮ, ಬೆಚ್ಚಗಿದ್ರೆ ಸಾಕು” ಎಂದು ಮಗಳ ರಿಯಾಯಿತಿ ಬೇರೆ. ಚಳಿಯ ಹೆಸರೆತ್ತಿದ್ದೇ ತಡ, ಅಳತೆ ಕೆಟ್ಟಿತು.

ಹಾಗೆಂದು ಚೆನ್ನೈನಲ್ಲಿ ಹುಟ್ಟಿದ ಸ್ವೆಟರುಗಳೆಲ್ಲ ದೋಷರಹಿತವೆಂದಲ್ಲ. ಲೆಕ್ಕ ಸರಿಯಿದ್ದು, ಕೈ ಪಳಗಿದ್ದು, ಆದರೂ ಗುಂಡಿ ಹತ್ತದಿದ್ದರೆ ತಪ್ಪು ತೊಡುವವನದು. ಟೇಪು ಸೊಂಟಕ್ಕೆ ಬಂದ ಕೂಡಲೇ ಗಂಡಸರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಎರಡಂಗುಲ ಒಳಕ್ಕೆಳೆದುಕೊಳ್ಳುತ್ತಾರೆ; ಮಾಮಿ ಉಸಿರಾಡಲೆಂದು ಬಿಟ್ಟ ಎರಡಂಗುಲ ಅಲ್ಲಿಗೆ ಜಮಾ. ಅವರ ಶ್ರಮಕ್ಕೆ ನೀವು ದುಡ್ಡು ಕೊಡಬೇಕಿಲ್ಲ, ಹೊಗಳಬೇಕಿಲ್ಲ, ಆ ಸ್ವೆಟರನ್ನು ತೊಡಲೂ ಬೇಕಿಲ್ಲ. ಅಳತೆ ತೆಗೆಯುವಾಗ ಮಾತ್ರ ದಯವಿಟ್ಟು ಹೊಟ್ಟೆ ಬಿಟ್ಟು ನಿಲ್ಲಿ.