ಕನ್ನಡಿಯೊಳಗಿನ ಮೂಟೆ

ಮಂಡ್ಯದಲ್ಲಿ ಇಪ್ಪತ್ತು-ಮೂವತ್ತರ ಸೈಟೆಂದರೆ 600 ಚದರಡಿ. ಹಾಲು, ಅಡುಗೆಮನೆ, ದೇವರಮನೆ, ಮೆಟ್ಟಿಲು ಎಲ್ಲ ಹಿಡಿಸಿದ ಮೇಲೆ ಉಳಿಯುವ ಕೋಣೆಯನ್ನು ದೊಡ್ಡದಾಗಿ ಕಾಣಿಸುವುದು ಹೇಗೆ? ಕಿಟಕಿಯೆದುರು ದೊಡ್ಡ ಕನ್ನಡಿ ಹಾಕಿ, ಬೆಳಕು ಹೆಚ್ಚುತ್ತದೆ ಅನ್ನುತ್ತಾರೆ ಬಲ್ಲವರು. ನಿಜವೇ. ಆದರೆ ಊರಿಂದ ಬಂದ ಅಕ್ಕಿಮೂಟೆಯೂ ಎರಡಾಗುತ್ತದಲ್ಲ! ಮಳವಳ್ಳಿಯಿಂದ ಬಂದ ಆರು ಜನ ನೆಂಟರು ಹನ್ನೆರಡಾಗುತ್ತಾರೆ; ಹಂಚಲು ತಂದ ಮದ್ದೂರು ವಡೆ ಮಾತ್ರ ಅಷ್ಟೇ.

ಗೋಡೆಗೆ ತಿಳಿಬಣ್ಣ ಬಳಿಯಿರಿ ಅನ್ನುವುದು ಇನ್ನೊಂದು ಉಪಾಯ. ಮುದ್ದೆ-ಸಾರು ಉಣ್ಣುವ ಮಕ್ಕಳಿಲ್ಲದ ಮನೆಯವರು ಹೇಳಿದ್ದಿರಬೇಕು.

ಹಳೇ ತೊಟ್ಟಿಮನೆಗಳಿಗೆ ಈ ಯಾವ ಮಂತ್ರವೂ ಬೇಕಿರಲಿಲ್ಲ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ಕೋಣೆಗಳೇನೋ ಪುಟ್ಟವು, ಕತ್ತಲು ಬೇರೆ. ಆದರೆ ಹಗಲು ಅಲ್ಲಿ ಕೂರುವವರಾರು? ಪಡಸಾಲೆಯಲ್ಲಿ ರಾತ್ರಿ ಮಲಗಿದ ಜಾಗವೇ, ಚಾಪೆ ಸುತ್ತಿಟ್ಟರೆ ಬೆಳಗ್ಗೆ ಊಟದ ಮನೆ. ಈಗ ಮಂಚ ಒಳಗೆ ಹೋದ ಮೇಲೆ ಬಾಗಿಲು ಪೂರ್ತಿ ತೆರೆಯುವುದಿಲ್ಲ.

"ರೂಮು ದೊಡ್ಡದಾಗಿ ಕಾಣ್ಬೇಕಾದ್ರೆ ಏನ್ ಮಾಡ್ಬೇಕು ಮಾವ?"

"ಮೊದ್ಲು ಆ ಬೀರು ಮೇಲಿರೋ ಸೂಟ್‌ಕೇಸ್ ಇಳ್ಸು ಕಣ್ಲಾ."

"ಇಳ್ಸಿ ಎಲ್ಲಿಡ್ಲಿ?"

"ಮಂಚದ ಕೆಳಗೆ."

"ಅಲ್ಲಿ ನೀವು ತಂದಿಟ್ಟ ಬೆಲ್ಲದ ಪೆಟ್ಟಿಗೆ ಐತಲ್ಲ ಮಾವ!"