ನುಗ್ಗೇಕಾಯಿಯೂ ಒಂದು ಕ್ರಿಯಾಪದವೂ

ಮೈಸೂರಿನಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ವ್ಯಾಸಂಗ ಮಾಡಿ, ಅಂದು ಕಲಿತ ಆಂಗ್ಲಭಾಷೆಯನ್ನು ಟ್ರಂಕಿನ ತಳದಲ್ಲಿಟ್ಟ ರೇಷ್ಮೆಸೀರೆಯಂತೆ ಮಡಿಕೆ ಕೆಡದ ಹಾಗೆ ಕಾಪಾಡಿಕೊಂಡು ಬಂದಿದ್ದ ನಮ್ಮ ತಾಯಿಯವರು, ಆರು ತಿಂಗಳ ಮಟ್ಟಿಗೆ ನ್ಯೂ ಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಗೆ ದಯಮಾಡಿಸಿದಾಗ, ಒಂದೇ ಒಂದು ಕ್ರಿಯಾಪದದಿಂದ ಗೃಹಶಾಂತಿಗೆ ಭಂಗ ಬಂದೀತೆಂದು ನಾನು ಎಣಿಸಿರಲಿಲ್ಲ.

ಓಕ್ ಟ್ರೀ ರಸ್ತೆಯ ಅಂಗಡಿಯಿಂದ ಹಿಮಗಟ್ಟಿದ ನುಗ್ಗೇಕಾಯಿಯನ್ನು ತರಿಸಿ, ಊರಿನಿಂದ ತಂದ ಹುಳಿಪುಡಿಯನ್ನು ಬೆರೆಸಿ ಅವರು ಮಾಡಿದ ಮೊದಲ ದಿನದ ಹುಳಿಯನ್ನು ಬಾಯಿಗಿಟ್ಟ ನಮ್ಮ ಹನ್ನೊಂದು ವರ್ಷದ ಚಿರಂಜೀವಿಯು, ಮುಖವನ್ನು ಹಿಂಡಿದ ನಿಂಬೆಹಣ್ಣಿನಂತೆ ಮಾಡಿಕೊಂಡು, "ದಿಸ್ ಸಕ್ಸ್!" ಎಂದು ಉದ್ಗರಿಸಿದನು. ನಾನು ತಲೆ ತಗ್ಗಿಸಿದೆ. ನನ್ನ ಪತ್ನಿ ಕಣ್ಣು ಕೆಂಪಗೆ ಮಾಡಿದಳು. ಅಮ್ಮನಾದರೋ ಪರಮಾನಂದಭರಿತರಾಗಿ, "ಹೌದು ಕಂದಾ, ಚೀಪಲೇಬೇಕು, ಅಗಿದು ನುಂಗಬಾರದು. ಇಲ್ಲೇ ಹುಟ್ಟಿದ ಮಗುವಿಗೆ ಇದು ಹೇಗೆ ತಿಳಿಯಿತೋ!" ಎನ್ನುತ್ತ ಇನ್ನೂ ನಾಲ್ಕು ಹೋಳುಗಳನ್ನು ಅವನ ತಟ್ಟೆಗೆ ಬಡಿಸಿದರು.

ಶಿಶುವು ಸ್ತನ್ಯವನ್ನೂ ದುಂಬಿಯು ಮಕರಂದವನ್ನೂ ಹೀರುವ ನಿರ್ದುಷ್ಟ ಕ್ರಿಯೆಗೆ ಸಂದ 'ಸಕ್' ಎಂಬ ಈ ಪದಕ್ಕೆ, 1970ರ ದಶಕದಿಂದೀಚೆಗೆ ಅಮೆರಿಕದ ತರುಣರ ಬಾಯಲ್ಲಿ 'ತೀರ ನಿಕೃಷ್ಟ' ಎಂಬ ಅರ್ಥ ರೂಢಿಯಾಯಿತು. ನಮ್ಮಲ್ಲಿಯೂ ತಿಗಣೆ ಮತ್ತು ಬಡ್ಡಿ ಸಾಹುಕಾರರು ರಕ್ತ ಹೀರುವವರೇ. ಆದರೆ ಆ ತಪ್ಪಿಗಾಗಿ ನಾವು ಕ್ರಿಯಾಪದವನ್ನು ಜಾತಿಯಿಂದ ಹೊರಗಿಟ್ಟಿಲ್ಲ. ಆಂಗ್ಲದ ಈ ಅರ್ಥಾಂತರದ ವಂಶಾವಳಿಯಾದರೋ ಹಿರಿಯರ ಮುಂದೆ ಪಠಿಸತಕ್ಕದ್ದಲ್ಲವೆಂದು ಹೇಳಿದರೆ ಸಾಕು. ಅಮ್ಮನಿಗೆ ನಿಜವನ್ನು ತಿಳಿಸುವ ಧೈರ್ಯ ನನಗೆ ಬಾರದುದಕ್ಕೆ ಅದೇ ಕಾರಣ.

ಕೆಲವು ದಿನಗಳ ತರುವಾಯ ಮನೆಯ ವ್ಯಾಕ್ಯೂಮ್ ಕ್ಲೀನರ್ ಕೆಟ್ಟಿತು. ಅದನ್ನು ಕಾರ್ಪೆಟ್ಟಿನ ಮೇಲೆ ಎಳೆದಾಡಿ ಬೇಸತ್ತ ಚಿರಂಜೀವಿ ಮತ್ತೆ ಅದೇ ತೀರ್ಪನ್ನಿತ್ತನು. "ಎಲ್ಲಿ ಹೀರುತ್ತೆ? ಚೆಲ್ಲಿದ ಚುರುಮುರಿ ಹಾಗೇ ಬಿದ್ದಿದೆಯಲ್ಲೋ!" ಎಂದರು ಅಮ್ಮ. ಹೀರದಿರುವುದರಿಂದಲೇ ಅದು 'ಹೀರುತ್ತದೆ' ಎಂಬ ಸಿದ್ಧಾಂತವನ್ನು ಪ್ರತಿಪಾದಿಸುವಷ್ಟು ತರ್ಕಶಾಸ್ತ್ರ ನನಗೆ ಬಾರದು. 1960ರ ದಶಕದಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯು ತನ್ನ ಯಂತ್ರದಂತೆ ಹೀರುವ ವಸ್ತು ಮತ್ತೊಂದಿಲ್ಲವೆಂದು ಬ್ರಿಟನ್ನಿನಲ್ಲಿ ಜಾಹೀರಾತಿನ ಮೂಲಕ ಸಾರಿದುದನ್ನು ನೆನೆದು ಅಮೆರಿಕದವರು ನಗುವರಷ್ಟೆ. ಅಮ್ಮನಿಗೆ ಹೇಳಿದ್ದರೆ, ಇದರಲ್ಲಿ ನಗುವಂಥಾದ್ದೇನೆಂದು ಕೇಳುತ್ತಿದ್ದರು. ಇಷ್ಟರಲ್ಲಿ ಚಿರಂಜೀವಿ, ಯಂತ್ರವು ಯಾವುದನ್ನೂ ಹೀರುವುದಿಲ್ಲ, ಅದರೊಳಗೆ ಒತ್ತಡ ಕುಗ್ಗಿದಾಗ ಹೊರಗಿನ ಗಾಳಿಯೇ ಕಸವನ್ನು ಒಳಕ್ಕೆ ತಳ್ಳುತ್ತದೆ ಎಂದು ಶಾಲೆಯ ಪಾಠವನ್ನು ಒಪ್ಪಿಸಿ, ವಿಜ್ಞಾನವೂ 'ಸಕ್ಸ್' ಎಂದು ಮುಗಿಸಿದನು. ಮೊಮ್ಮಗನಿಗೆ ವಿಜ್ಞಾನದ ರಸ ಹತ್ತಿತೆಂದು ಅಮ್ಮ ದೃಷ್ಟಿ ನಿವಾಳಿಸಿದರು.

ನನ್ನ ಪತ್ನಿಯ ಎರಡು ವರ್ಷಗಳ ಗದರಿಕೆಯಿಂದ ಆಗದುದು ಆ ಆರು ತಿಂಗಳಲ್ಲಿ ಆಯಿತು. ಆ ಪದ ನಾಲಗೆಯಿಂದ ಜಾರಿದೊಡನೆ ತಟ್ಟೆಗೆ ನಾಲ್ಕು ಹೋಳು ಬೀಳುವುದನ್ನು ಕಂಡ ಹುಡುಗನು ಅದನ್ನು ಆಮೂಲಾಗ್ರವಾಗಿ ತ್ಯಜಿಸಿದನು. ಅಮ್ಮ ಮಾತ್ರ ಊರಿಗೆ ಹೊರಡುವ ಮುನ್ನ, ಮಗು ಚೀಪಿಕೊಂಡಿರಲೆಂದು ಫ್ರೀಜರಿನ ತುಂಬ ನುಗ್ಗೇಕಾಯಿ ತುಂಬಿಸಿಟ್ಟು ಹೋದರು. ಹನ್ನೆರಡು ಪೊಟ್ಟಣಗಳು ಇನ್ನೂ ಹಾಗೆಯೇ ಇವೆ. ಎಡಿಸನ್ನಿನ ಆಸುಪಾಸಿನಲ್ಲಿರುವ ಕನ್ನಡಿಗರು ಸಂಜೆ ಆರರ ಮೇಲೆ ಯಾವಾಗ ಬೇಕಾದರೂ ಬಂದು ಒಯ್ಯಬಹುದು.