ಸಂದು-ದರ್ಶನ

ನಮ್ಮ ಬಡಾವಣೆಯ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಇಷ್ಟು ವರ್ಷ ಬೇಸ್ ಗಿಟಾರಿನ ಕೆಲಸ ಮಾಡುತ್ತಿದ್ದದ್ದು ಕೀಬೋರ್ಡಿನವನ ಎಡಗೈ. ಈ ಸಲ ಅವನು ಕೆನಡಾಕ್ಕೆ ಹೊರಟುಹೋದ, ಎಡಗೈಯನ್ನೂ ಜೊತೆಗೇ ಒಯ್ದ. ಇಳಯರಾಜ ಸಂಗೀತದ ‘ಗೀತಾ’ ಚಿತ್ರದ ಹಾಡುಗಳನ್ನು ಬೇಸ್ ಇಲ್ಲದೆ ನುಡಿಸುವುದೆಂದರೆ ಬೇಳೆಯೇ ಇಲ್ಲದ ಹುಳಿ ಬಡಿಸಿದಂತೆ. ಸಮಿತಿಯವರ ಕಣ್ಣು ನನ್ನ ಮೇಲೆ ಬಿತ್ತು. ಕಾಲೇಜಿನಲ್ಲಿ ನಾಲ್ಕು ದಿನ ಗಿಟಾರ್ ಹಿಡಿದಿದ್ದ ಪಾಪ, ಐವತ್ತು ದಾಟಿದ ಮೇಲೂ ಬೆನ್ನು ಬಿಡಲಿಲ್ಲ.

ನನ್ನ ಬೆರಳುಗಳು ಕೋಡುಬಳೆ ಹೊಸೆಯಲು ಹೇಳಿ ಮಾಡಿಸಿದಂಥವು. ಮೋಟು. ಹಾಗಾಗಿ ತಂತಿಗಳ ನಡುವೆ ಸಂದು ಕಡಿಮೆ ಇರುವ ಬೇಸೇ ಆಗಬೇಕು ಎಂದು ನಿಶ್ಚಯಿಸಿಕೊಂಡು ವಾದ್ಯದಂಗಡಿಗೆ ಹೋದೆ. ಅಲ್ಲಿನ ಹುಡುಗ ಗೋಡೆಯಿಂದ ಐದು ತಂತಿಯದೊಂದನ್ನು ಇಳಿಸಿ ನನ್ನ ತೊಡೆಯ ಮೇಲಿಟ್ಟು, “ಇದು ಹದಿನಾರೂವರೆ ಸಾರ್” ಎಂದು ಹೇಳಿ ಟೀ ಕುಡಿಯಲು ಇಳಿದುಹೋದ. ಹದಿನಾರೂವರೆ ಸಾವಿರವೇ, ಪರವಾಗಿಲ್ಲ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಅತಿ ದಪ್ಪನೆಯ ಎರಡು ತಂತಿಗಳ ನಡುವಿನಿಂದ ಯಾರೋ ಕೆಮ್ಮಿದರು.

ನಾನು: ಯಾರದು?

ಸಂದು: ನಾನೇ, ಸಂದು. ಅವನು ಹೇಳಿದ್ದು ಬೆಲೆ ಅಲ್ಲ ಸ್ವಾಮಿ, ನನ್ನ ಅಳತೆ. ಹದಿನಾರೂವರೆ ಮಿಲಿಮೀಟರ್. ಬೆಲೆ ಹಿಂದುಗಡೆ ಅಂಟಿಸಿದ್ದಾರೆ, ನೋಡಬೇಡಿ.

ನಾನು: ತಾವು ಅಂದರೆ... ಅಲ್ಲಿ ಏನೂ ಇಲ್ಲವಲ್ಲ. ಇಲ್ಲದೇ ಇರುವುದು ಮಾತಾಡುವುದುಂಟೇ?

ಸಂದು: ಇಲ್ಲದ ರಸ್ತೆಗೆ ಬಿಲ್ ಆಗುತ್ತೆ, ಇಲ್ಲದ ಕೆರೆಯಿಂದ ಹೂಳು ತೆಗೆಸುತ್ತಾರೆ. ನಾನು ಎರಡು ಮಾತಾಡಿದರೆ ಮಾತ್ರ ಆಶ್ಚರ್ಯವೋ?

ನಾನು: ಸರಿ. ಹಾಗಾದರೆ ಸಂದರ್ಶನಕ್ಕೆ ಒಪ್ಪಿಗೆ ತಾನೆ?

ಸಂದು: ನನ್ನ ದರ್ಶನವೇ ಅಲ್ಲವೇ ಅದು? ಕೇಳಿ.

ನಾನು: ತಮ್ಮದು ನಿಜವಾಗಿಯೂ ಹದಿನಾರೂವರೆಯೇ?

ಸಂದು: ಕಾಗದದ ಮೇಲೆ. ನೀವು ಹಳ್ಳಿಯ ಕಡೆಯವರೋ? ಹಾಗಿದ್ದರೆ ಬೇಗ ಅರ್ಥವಾಗುತ್ತೆ. ತಂತಿ ಅಂದರೆ ಬದು, ನಾನು ಹೊಲ. ಇವರು ಅಳೆಯುವುದು ಈ ಬದುವಿನ ನಡುವಿನಿಂದ ಆ ಬದುವಿನ ನಡುವಿಗೆ. ಬದು ದಪ್ಪವಿದ್ದಷ್ಟೂ ಹೊಲಕ್ಕೆ ಲುಕ್ಸಾನು. ನನ್ನ ಎಡಕ್ಕಿರುವ ಬಿ ತಂತಿ 0.130 ಇಂಚು, ಬಲಕ್ಕಿರುವ ಇ ತಂತಿ 0.105. ಎರಡರ ಅರ್ಧರ್ಧ ಸೇರಿ ಮೂರು ಮಿಲಿಮೀಟರ್ ನನ್ನ ಪಾಲಿನಿಂದ ಹೋಯಿತು. ಉಳಿದದ್ದು ಹದಿಮೂರೂವರೆ. ಅದೇ ಆ ತುದಿಯಲ್ಲಿ ಡಿ ಮತ್ತು ಜಿ ನಡುವೆ ಇದ್ದಾನಲ್ಲ ನನ್ನ ಕಿರಿಯ, ಅವನ ಬದುಗಳು ತೆಳ್ಳಗೆ, 0.065 ಮತ್ತು 0.045. ಅವನಿಗೆ ಹದಿನೈದು ಮಿಲಿಮೀಟರ್ ಸಿಕ್ಕಿದೆ. ಸಮಪಾಲು ಅಂತ ಪತ್ರ ಬರೆದಿದ್ದಾರೆ, ರುಜುವೂ ಆಗಿದೆ. ಅನುಭವಿಸೋದು ಹಿರಿಯ ಮಗ.

ನಾನು: ಕೋರ್ಟಿಗೆ ಹೋಗಬಹುದಿತ್ತಲ್ಲ?

ಸಂದು: ಕೆಲವು ತಯಾರಕರು ನ್ಯಾಯವಾಗಿಯೇ ಹಂಚುತ್ತಾರೆ. ನಡುವಿಂದ ನಡುವಿಗೆ ಅಳೆಯದೆ ಅಂಚಿನಿಂದ ಅಂಚಿಗೆ ಸಮ ಮಾಡುತ್ತಾರೆ. ಆದರೆ ಪಟ್ಟಿಯಲ್ಲಿ ಅಚ್ಚಾಗುವುದು ಒಂದೇ ಅಂಕಿ. ಕೊಳ್ಳುವವರು ನೋಡುವುದೂ ಅದೊಂದನ್ನೇ.

ನಾನು: ತಮ್ಮ ವಂಶದ ಬಗ್ಗೆ ಸ್ವಲ್ಪ ಹೇಳಿ.

ಸಂದು: ಮೂಲಪುರುಷ ಲಿಯೋ ಫೆಂಡರ್. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಿಸಿಷನ್ ಬೇಸ್ ಅಂತ ತಂದರು. ಅದಕ್ಕೆ ಮುಂಚೆ ಆಳೆತ್ತರದ ಡಬಲ್ ಬೇಸನ್ನು ನಿಂತು ತಬ್ಬಿಕೊಂಡು ನುಡಿಸುತ್ತಿದ್ದರು. ಅದರ ನಾಲ್ಕು ತಂತಿ, ಅದೇ ಶ್ರುತಿ, ಎಲ್ಲವನ್ನೂ ಗಿಟಾರಿನ ಮೈಗೆ ಇಳಿಸಿದರು. ಸಂದು ಹತ್ತಿರಹತ್ತಿರ ಮುಕ್ಕಾಲು ಇಂಚು, ಅಂದರೆ ಹತ್ತೊಂಬತ್ತು ಮಿಲಿಮೀಟರ್. ಅದೇ ನಮ್ಮ ಕುಲದ ಲೆಕ್ಕವಾಯಿತು. ಸ್ವಾರಸ್ಯ ಏನು ಗೊತ್ತೇ? ಆ ಪುಣ್ಯಾತ್ಮರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ನಾನು: ಮತ್ತೆ ತಾವು ಇಷ್ಟು ಬಡಕಲಾದದ್ದು?

ಸಂದು: ಕುಟುಂಬ ಬೆಳೀತು, ಜಾಗ ಬೆಳೀಲಿಲ್ಲ. ನಾಲ್ಕು ತಂತಿ ಸಾಲದು, ಇನ್ನೂ ಕೆಳಗಿನ ಸ್ವರ ಬೇಕು ಅಂದರು. ಇ ತಂತಿಯ ಆಚೆಗೆ ಬಿ ಬಂದು ಕೂತಿತು. ಸೆಕೆಂಡಿಗೆ ಮೂವತ್ತೊಂದು ಸಲ ಕಂಪಿಸುತ್ತೆ. ವೀಣೆಯವರ ಲೆಕ್ಕದಲ್ಲಿ ಅನುಮಂದ್ರಕ್ಕೂ ಅಜ್ಜ. ನ್ಯೂಯಾರ್ಕಿನ ಆಂಥೊನಿ ಜಾಕ್ಸನ್ ಆರು ತಂತಿಯೇ ಬೇಕು ಎಂದು ಪಟ್ಟುಹಿಡಿದು, 1975ರಲ್ಲಿ ಕಾರ್ಲ್ ಥಾಂಪ್ಸನ್ ಕೈಯಲ್ಲಿ ಮಾಡಿಸಿಕೊಂಡರು. ಎಲ್ಲರನ್ನೂ ಹತ್ತೊಂಬತ್ತರಲ್ಲಿ ಕೂರಿಸಿದರೆ ಕತ್ತು ಒನಕೆಯಷ್ಟಾಗುತ್ತೆ. ಹಾಗಾಗಿ ಒತ್ತಿ ಕೂರಿಸಿದರು. ಮ್ಯೂಸಿಕ್ ಮ್ಯಾನ್‌ನವರ ಐದು ತಂತಿಯಲ್ಲಿ ನಮ್ಮವರಿಗೆ ಹದಿನೇಳೂವರೆ ಸಿಕ್ಕಿದೆ. ನಾನು ಐಬನೆಜ್ ಕುಲ, ಎಸ್ಆರ್ ಗೋತ್ರ. ಹದಿನಾರೂವರೆ. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಸುತ್ತ ಬಿಡಬೇಕಾದ ಜಾಗದಲ್ಲಿ ಬಚ್ಚಲು ಕಟ್ಟುವ ನಿಮ್ಮ ಊರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕೇ?

ನಾನು: ಅಂತೂ ಸಂದು ಕಡಿಮೆ. ನನಗೆ ಬೇಕಾದ್ದೂ ಅದೇ. ನನ್ನ ಬೆರಳು ಮೋಟು.

ಸಂದು: ಸಂದು ಕಡಿಮೆ, ಆದರೆ ಅಗಲ? ಒಂದು ಕೂಡುವ ಲೆಕ್ಕ ಮಾಡಿ. ಐದು ತಂತಿಗೆ ನಾಲ್ಕು ಸಂದು. ನಾಲ್ಕು ಹದಿನಾರೂವರೆ ಅರವತ್ತಾರು. ಗೋಡೆಯ ಮೇಲೆ ತೂಗುತ್ತಿದೆಯಲ್ಲ ನಾಲ್ಕು ತಂತಿಯದು, ಅದಕ್ಕೆ ಮೂರೇ ಸಂದು. ಮೂರು ಹತ್ತೊಂಬತ್ತು ಐವತ್ತೇಳು. ‘ಇಕ್ಕಟ್ಟಿನದು’ ಅಂತ ನೀವು ತೊಡೆಯ ಮೇಲಿಟ್ಟುಕೊಂಡಿರೋದು ‘ವಿಶಾಲ’ದ್ದಕ್ಕಿಂತ ಒಂಬತ್ತು ಮಿಲಿಮೀಟರ್ ಅಗಲ.

(ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ.)

ಸಂದು: ಇನ್ನೊಂದು. ನಿಮ್ಮ ಯಾವ ಕೈ ಮೋಟು?

ನಾನು: ಎರಡೂ ಒಂದೇ ಅಲ್ಲವೇ?

ಸಂದು: ಮೈಗೆ ಒಂದೇ, ಬೇಸಿಗೆ ಬೇರೆ ಬೇರೆ. ನನಗೆ ಸಂಬಂಧ ಬಲಗೈಯದು ಮಾತ್ರ. ವೀಣೆಯವರು ಕುದುರೆ ಅನ್ನುತ್ತಾರಲ್ಲ, ಆ ಬ್ರಿಡ್ಜಿನ ಹತ್ತಿರ ಮೀಟುವ ಕೈ. ಕತ್ತು ಹಿಡಿಯುವ ಎಡಗೈಗೆ ನನ್ನಿಂದ ಏನೂ ಆಗಬೇಕಾದ್ದಿಲ್ಲ. ಅದಕ್ಕೆ ಬೇಕಾದ್ದು ಆ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಅಂದರೆ ನಟ್, ಎಷ್ಟು ಅಗಲ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಎಷ್ಟು ದೂರ, ಇವೆರಡು. ನನ್ನದರ ನಟ್ ನಲವತ್ತೈದು ಮಿಲಿಮೀಟರ್. 1960ರಲ್ಲಿ ಬಂದ ಜಾಝ್ ಬೇಸಿನದು ಮೂವತ್ತೆಂಟು. ಮೋಟು ಹೆಬ್ಬೆರಳಿನವರು ಏಳು ಮಿಲಿಮೀಟರ್ ಜಾಸ್ತಿ ಸುತ್ತಿ ಹಿಡಿಯೋದು ಅಂದರೆ, ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಮಾತಾಡುತ್ತೆ.

ನಾನು: ಮೆಟ್ಟಿಲಿನ ದೂರ ಅಂದಿರಿ...

ಸಂದು: ಅದು ತಂತಿಯ ಉದ್ದದ ಮೇಲೆ. ಸಾಮಾನ್ಯವಾಗಿ ಮೂವತ್ನಾಲ್ಕು ಇಂಚು. ಮೊದಲ ಮೆಟ್ಟಿಲು ನಟ್‌ನಿಂದ ನಲವತ್ತೆಂಟೂವರೆ ಮಿಲಿಮೀಟರಿಗೆ ಬೀಳುತ್ತೆ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಪಿಟೀಲಿನಾಕಾರದ ಹಾಫ್ನರ್ ಇದೆಯಲ್ಲ, ಅಂಥ ಗಿಡ್ಡ ಬೇಸಿನಲ್ಲಿ ತಂತಿ ಮೂವತ್ತೇ ಇಂಚು. ಮೊದಲ ಮೆಟ್ಟಿಲು ನಲವತ್ಮೂರಕ್ಕೇ ಸಿಗುತ್ತೆ. ಎಡಗೈ ಎಟುಕದವರು ಕೇಳಬೇಕಾದ್ದು ಅದು. ಅವರು ಬಂದು ನನ್ನನ್ನು ಕೇಳುತ್ತಾರೆ. ಕಾಲಿಗೆ ಚಪ್ಪಲಿ ಸಣ್ಣದಾಯಿತು ಅಂತ ಟೋಪಿ ಬದಲಾಯಿಸಿದ ಹಾಗೆ.

ನಾನು: ಹಾಗಾದರೆ ತಮ್ಮಿಂದ ಯಾರಿಗೂ ಉಪಯೋಗವಿಲ್ಲವೇ?

ಸಂದು: ಛೆ, ಅಷ್ಟು ಅನ್ನಬೇಡಿ. ಮೀಟಿದ ಬೆರಳು ಸುಮ್ಮನೆ ಗಾಳಿಯಲ್ಲಿ ನಿಲ್ಲೋದಿಲ್ಲ, ಪಕ್ಕದ ತಂತಿಗೆ ಒರಗುತ್ತೆ. ನಾನು ಕಿರಿದಾದಷ್ಟೂ ಆ ಪ್ರಯಾಣ ಕಡಿಮೆ. ತಂತಿಯಿಂದ ತಂತಿಗೆ ಓಡುವ ಕೈಗೆ ನಾನು ಸುಖ. ಗಿಟಾರಿನಿಂದ ಬಂದವರಿಗೂ ನಾನು ಹತ್ತಿರದ ನೆಂಟ. ಅವರ ಸಂದು ಹನ್ನೊಂದು ಮಿಲಿಮೀಟರಿನ ಆಸುಪಾಸು, ಹತ್ತೊಂಬತ್ತನ್ನು ಕಂಡರೆ ಮೈದಾನಕ್ಕೆ ಬಿಟ್ಟ ಕರುವಿನ ಹಾಗೆ ಗಾಬರಿಬೀಳುತ್ತಾರೆ. ಪಿಕ್ ಹಿಡಿದು ನುಡಿಸುವವರಿಗೂ ನನ್ನ ಮೇಲೆ ತಕರಾರಿಲ್ಲ.

ನಾನು: ತಕರಾರು ಇರುವವರು?

ಸಂದು: ಸ್ಲ್ಯಾಪ್‌ನವರು. ಆ ವರಸೆ ಶುರುಮಾಡಿದ್ದು ಲ್ಯಾರಿ ಗ್ರಹಾಂ ಅಂತ ಅಮೆರಿಕದವರು. ತಾಯಿಯ ಜೊತೆ ಕಾರ್ಯಕ್ರಮ ಕೊಡುತ್ತಿದ್ದಾಗ ಡ್ರಮ್ಮಿನವನಿಲ್ಲದೆ ಹೋಯಿತು. ಆ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿಯನ್ನು ಕುಟ್ಟಿ, ತೋರುಬೆರಳಿನಿಂದ ಕೆಳಗಿನಿಂದ ಎಳೆದು ಬಿಟ್ಟರು. ಆ ಎಳೆಯುವ ಬೆರಳು ತಂತಿಯ ಅಡಿಗೆ ಇಳಿಯಬೇಕಲ್ಲ? ನನ್ನೊಳಗೆ ಇಳಿಯೋದು ಅಂದರೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದ ಹಾಗೆ. ಅವರಿಗೆ ಹತ್ತೊಂಬತ್ತರ ನನ್ನ ದೊಡ್ಡಣ್ಣನೇ ಸರಿ.

ನಾನು: ಕೊಂಡ ಮೇಲೆ ತಮ್ಮನ್ನು ಹಿಗ್ಗಿಸುವುದು ಕುಗ್ಗಿಸುವುದು ಸಾಧ್ಯವೇ?

ಸಂದು: ಬ್ರಿಡ್ಜ್ ನೋಡಿ ಹೇಳಬೇಕು. ಹಳೆಯ ಮಾದರಿಯದರಲ್ಲಿ ಸ್ಕ್ರೂವಿನ ಹಾಗೆ ಗೀರುಗಳಿರುತ್ತವೆ, ತಂತಿಯನ್ನು ಒಂದು ಗೀರು ಈಚೆಗೆ ಸರಿಸಬಹುದು. ಜಾಸ್ತಿ ಸರಿಸಿದರೆ ಕೆಳಗಿನ ಪಿಕಪ್ಪಿನ ಅಯಸ್ಕಾಂತದ ನೇರ ತಪ್ಪಿ ದನಿ ಸೊರಗುತ್ತೆ. ಕಾಸಿಲ್ಲದ ಉಪಾಯ ಒಂದಿದೆ. ತಂತಿಗಳು ಬ್ರಿಡ್ಜಿನಿಂದ ನಟ್ ಕಡೆಗೆ ಹೋಗ್ತಾ ಹೋಗ್ತಾ ಹತ್ತಿರವಾಗುತ್ತವೆ. ಮೀಟುವ ಕೈಯನ್ನು ಹತ್ತು ಸೆಂಟಿಮೀಟರ್ ಕತ್ತಿನ ಕಡೆಗೆ ಸರಿಸಿದರೆ ಹತ್ತೊಂಬತ್ತರ ಸಂದು ಹದಿನೆಂಟಾಗುತ್ತೆ. ಒಂದು ಮಿಲಿಮೀಟರ್ ಬಿಟ್ಟಿ. ಯಾರೂ ಹೇಳಿಕೊಡೋಲ್ಲ, ಹೇಳಿಕೊಟ್ಟರೆ ಹೊಸ ಬೇಸ್ ಮಾರೋದು ಹೇಗೆ?

ನಾನು: ಈಗ ನೇರವಾಗಿ ಹೇಳಿ. ನನಗೆ ತಾವು ಆಗುತ್ತೀರೋ ಇಲ್ಲವೋ?

ಸಂದು: ಬಲಗೈ ತೋರುಬೆರಳು ತೋರಿಸಿ.

(ತೋರಿಸಿದೆ. ಮೇಜಿನ ಮೇಲಿದ್ದ ಸ್ಕೇಲಿನ ಪಕ್ಕ ಇಟ್ಟುಕೊಳ್ಳಲು ಹೇಳಿತು. ತುದಿಯ ಅಗಲ ಹದಿನೇಳು.)

ಸಂದು: ಅಲ್ಲಿಗೆ ಮುಗೀತು. ಮೋಟು ಬೇರೆ, ತೆಳು ಬೇರೆ ಸ್ವಾಮಿ. ನಿಮ್ಮದು ಮೋಟೂ ಹೌದು, ದಪ್ಪವೂ ಹೌದು. ಇ ತಂತಿಯನ್ನು ಮೀಟಲು ಹೋದರೆ ಬಿ ಅಜ್ಜನ ಪಕ್ಕೆಗೆ ತಗಲುತ್ತೆ. ಅವರು ಒಮ್ಮೆ ಗುಂಯ್ ಅಂದರೆ ನಿಲ್ಲಿಸೋದು ಕಷ್ಟ, ಪಕ್ಕದ ಮನೆ ಮಿಕ್ಸಿಯ ಹಾಗೆ ಹಾಡಿನುದ್ದಕ್ಕೂ ಕೇಳ್ತಾ ಇರುತ್ತೆ. ನಿಮ್ಮ ಎಡಗೈಗೆ ಸಪೂರ ಕತ್ತು ಬೇಕು, ಬಲಗೈಗೆ ಅಗಲ ಸಂದು ಬೇಕು.

ನಾನು: ಮಾರುವ ಅಂಗಡಿಯಲ್ಲೇ ಕೂತು ಬೇಡ ಅನ್ನುತ್ತಿದ್ದೀರಲ್ಲ!

ಸಂದು: ನನಗೇನು ಕಮಿಷನ್ನೇ? ಇನ್ನೂ ಒಂದು ಕೇಳಿ. ಡೆಟ್ರಾಯಿಟಿನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಆ ಬೆರಳಿಗೆ ಕೊಕ್ಕೆ ಅಂತಲೇ ಹೆಸರು. ನಿಮಗೆ ಹಬ್ಬಕ್ಕೆ ಹನ್ನೆರಡು ಹಾಡು. ಮಿಲಿಮೀಟರ್ ಎಣಿಸಿದ ಹೊತ್ತಿನಲ್ಲಿ ಎರಡು ಹಾಡು ಕಲೀಬಹುದಿತ್ತು.

ಅಷ್ಟರಲ್ಲಿ ಹುಡುಗ ಟೀ ಮುಗಿಸಿ ಬಂದ. ಸಂದು ಸುಮ್ಮನಾಯಿತು. “ಇದು ನಿಜವಾಗಿ ಎಷ್ಟಪ್ಪಾ?” ಎಂದು ಅವನನ್ನೂ ಕೇಳಿದೆ. ಅವನು ಸ್ಕೇಲು ತೆಗೆದು ಮೊದಲ ತಂತಿಯ ನಡುವಿನಿಂದ ಕೊನೆಯ ತಂತಿಯ ನಡುವಿಗೆ ಅಳೆದ. ಅರವತ್ತಾರು. ಮೊಬೈಲಿನಲ್ಲಿ ಐದರಿಂದ ಭಾಗಿಸಿದ. “ಹದಿಮೂರು ಚಿಲ್ಲರೆ ಬಂತು ಸಾರ್, ನಾನು ಹೇಳಿದ್ದಕ್ಕಿಂತ ಇನ್ನೂ ಕಮ್ಮಿ!” ಎಂದು ಖುಷಿಪಟ್ಟ. ಐದು ತಂತಿಗೆ ನಾಲ್ಕೇ ಸಂದು ಎಂದು ಹೇಳಬೇಕೆಂದಿದ್ದೆ. ಆದರೆ ದಪ್ಪ ತಂತಿಗಳ ನಡುವೆ ಬೆರಳಿಗೆ ಸಿಗುವ ನಿಜವಾದ ಜಾಗವೂ ಹದಿಮೂರು ಚಿಲ್ಲರೆಯೇ ಎಂಬುದು ನೆನಪಾಗಿ ಬಾಯಿಮುಚ್ಚಿಕೊಂಡೆ. ತಂತಿಗಳ ನಡುವಿನಿಂದ ಸಣ್ಣಗೆ ಯಾರೋ ನಕ್ಕ ಹಾಗಾಯಿತು.

ಗೋಡೆಯ ಮೇಲಿನ ನಾಲ್ಕು ತಂತಿಯದನ್ನೇ ತಂದೆ. ನಟ್ ಮೂವತ್ತೆಂಟು, ಸಂದು ಹತ್ತೊಂಬತ್ತು, ಯಾರೋ ಎರಡು ವರ್ಷ ನುಡಿಸಿ ಬಿಟ್ಟದ್ದು. ಹಬ್ಬಕ್ಕೆ ಇನ್ನು ಆರು ವಾರ ಇದೆ, ಹನ್ನೆರಡರಲ್ಲಿ ಮೂರು ಹಾಡು ಕೈಗೆ ಕೂತಿವೆ. ನೀವೂ ಬೇಸ್ ಕೊಳ್ಳಲು ಹೊರಟಿದ್ದರೆ ಜೇಬಿನಲ್ಲಿ ಒಂದು ಸ್ಕೇಲು ಇಟ್ಟುಕೊಂಡು ಹೋಗಿ. ಮೊದಲು ನಿಮ್ಮ ಬೆರಳು ಅಳೆಯಿರಿ, ಆಮೇಲೆ ಬ್ರಿಡ್ಜು. ನಾಲ್ಕು ತಂತಿಯದಾದರೆ ಮೂರರಿಂದ ಭಾಗಿಸಿ.